ಶನಿವಾರದ ಟ್ರ್ಯಾಕಿನಿಂದ ಡೇಟೋನಾ ತನಕ: ಸ್ಟಾಕ್ ಕಾರ್ ಡ್ರೈವರ್ ಮೆಟ್ಟಿಲು ಹತ್ತುವ ದಾರಿ

ಉತ್ತರ ಕೆರೊಲೈನಾದ ಹಿಕರಿ ಎಂಬ ಊರಲ್ಲಿ 1951ರಲ್ಲಿ ಶುರುವಾದ ಒಂದು ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತು ಅರ್ಧ ಮೈಲಿಯೂ ಇಲ್ಲ. ಶನಿವಾರ ಸಂಜೆ ಟಿಕೆಟ್ ತಗೊಂಡು ಒಳಗೆ ಕಾಲಿಟ್ಟರೆ ಸುಟ್ಟ ರಬ್ಬರು, ಪೆಟ್ರೋಲು, ಕರಿದ ತಿಂಡಿ, ಮೂರರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಹೋದ ಸಲ ರೇಸ್ ಮುಗಿದ ಮೇಲೆ ಪಿಟ್ ಕಡೆ, ಅಂದರೆ ಟೀಮುಗಳು ಕಾರು ನೋಡಿಕೊಳ್ಳುವ ಜಾಗಕ್ಕೆ, ಹೋಗಿದ್ದೆ. ಅಲ್ಲೊಬ್ಬ ಹುಡುಗ, ಹದಿನೈದು ಇರಬಹುದು, ಹೆಲ್ಮೆಟ್ ತೆಗೆದು ಕಾರಿನ ಬಲಗಡೆ ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗೈಯಿಂದ ಟೈರು ಸವರಿ ನೋಡಿ ಅಪ್ಪನಿಗೆ ಹೇಳುತ್ತಿದ್ದ: "ಹೊರಗಿನ ಅಂಚು ಮಾತ್ರ ತಿಂದಿದೆ. ಅದಕ್ಕೇ ಕೊನೆಯ 20 ಸುತ್ತು ಕಾರು ತಿರುಗಲೇ ಇಲ್ಲ." ಅಪ್ಪ ಮಾತಾಡದೆ ಪುಸ್ತಕದಲ್ಲಿ ಬರೆದುಕೊಂಡರು.

ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸು ನಡೆಸುವ ದೊಡ್ಡ ಸಂಸ್ಥೆ ನಾಸ್ಕಾರ್. ಅದರ ದೊಡ್ಡ ಡ್ರೈವರುಗಳಲ್ಲಿ ಬಹಳ ಜನ ಹೀಗೆ ಟೈರು ಸವರುತ್ತಲೇ ಮೇಲೆ ಬಂದವರು. ಇದೇ ರಾಜ್ಯದ ಶಾರ್ಲಟ್ ನಗರದ ಸುತ್ತಮುತ್ತ ಬ್ಯಾಂಕು, ಸಾಫ್ಟ್‌ವೇರ್ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದವರು ಸಾಕಷ್ಟು ಜನ ಇದ್ದೇವೆ. ನಮ್ಮ ಮಕ್ಕಳು ಬೆಳೆಯುತ್ತಿರುವುದೇ ಈ ರೇಸಿನ ತವರಿನಲ್ಲಿ. "ನನ್ನ ಮಗಳಿಗೆ ಕಾರ್ ರೇಸ್ ಅಂದ್ರೆ ಪ್ರಾಣ, ಎಲ್ಲಿಂದ ಶುರು ಮಾಡೋದು?" ಅಂತ ಹಬ್ಬದೂಟದಲ್ಲಿ ಕೇಳುವವರು ಈಗೀಗ ಜಾಸ್ತಿ. ಅವರಿಗಾಗಿ, ಮತ್ತೆ ಊರಲ್ಲಿ ಕೂತು ಟಿವಿಯಲ್ಲಿ ನೋಡುತ್ತಾ "ಇವರೆಲ್ಲ ಇಲ್ಲಿಗೆ ಹೇಗೆ ಬಂದರು?" ಅಂತ ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಏಣಿಯಲ್ಲಿ ಮಧ್ಯದ ಒಂದು ಮೆಟ್ಟಿಲಿದೆ, ಲೇಟ್ ಮಾಡೆಲ್ ಅಂತ. ಅಪ್ಪ ಅಮ್ಮಂದಿರು ಅದನ್ನು ಅವಸರದಲ್ಲಿ ದಾಟಿಸಿಬಿಡುತ್ತಾರೆ. ನನ್ನ ಪ್ರಕಾರ ಅಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು. ಯಾಕೆ ಅನ್ನೋದು ಮುಂದೆ ಬರುತ್ತದೆ.

ಮೊದಲು ಏಣಿಯನ್ನು ಕೆಳಗಿಂದ ಮೇಲೆ ನೋಡಿ

ಸ್ಟಾಕ್ ಕಾರ್ ಅಂದರೆ ಮೊದಲು ಷೋರೂಮಿನಿಂದ ತಂದ ಮಾಮೂಲಿ ಕಾರು ಎಂದೇ ಅರ್ಥವಿತ್ತು. ನಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರ ಫೆಬ್ರವರಿಯಲ್ಲಿ, ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ. ಕಟ್ಟಿದವರು ಬಿಲ್ ಫ್ರಾನ್ಸ್ ಸೀನಿಯರ್. ಮರುವರ್ಷ ಜೂನ್ 19ರಂದು ಶಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಷೋರೂಮ್ ಕಾರುಗಳ ಮೊದಲ ರೇಸ್ ಆಯಿತು. ಇವತ್ತಿನ ಕಾರು ಹೊರಗೆ ನೋಡಲು ಮಾತ್ರ ಟೊಯೋಟಾ, ಷೆವರ್ಲೆ, ಫೋರ್ಡ್. ಒಳಗೆಲ್ಲ ರೇಸಿಗೆಂದೇ ಕಟ್ಟಿದ ಉಕ್ಕಿನ ಪಂಜರ.

ಮೆಟ್ಟಿಲುಗಳು ಹೀಗಿವೆ. ತಳದಲ್ಲಿ ಮಕ್ಕಳ ಕಾರುಗಳು: ಕಾರ್ಟ್, ಕ್ವಾರ್ಟರ್ ಮಿಜೆಟ್, ಬ್ಯಾಂಡೊಲೆರೊ. ಅದರ ಮೇಲೆ ಲೆಜೆಂಡ್ಸ್. ಆಮೇಲೆ ಲೇಟ್ ಮಾಡೆಲ್. ಅಲ್ಲಿಂದ ಆರ್ಕಾ, ಆರ್ಕಾದಿಂದ ಟ್ರಕ್ ಸೀರೀಸ್, ಅದರ ಮೇಲೆ ಎರಡನೇ ದರ್ಜೆಯ ಕಾರ್ ಸೀರೀಸ್. ತುದಿಯಲ್ಲಿ ಕಪ್ ಸೀರೀಸ್. ಎರಡನೇ ದರ್ಜೆಯ ಸೀರೀಸಿಗೆ ಬಹಳ ಕಾಲ ಬುಶ್ ಎಂಬ ಹೆಸರಿತ್ತು. ಆಮೇಲೆ ನೇಶನ್‌ವೈಡ್ ಆಯಿತು, 2015ರಿಂದ ಎಕ್ಸ್‌ಫಿನಿಟಿ ಆಯಿತು, 2026ರಿಂದ ಓರೈಲಿ. ಸ್ಪಾನ್ಸರ್ ಬದಲಾದಂತೆ ಹೆಸರು ಬದಲಾಗುತ್ತದೆ, ಮೆಟ್ಟಿಲು ಅದೇ. ಇಲ್ಲಿ ಎಕ್ಸ್‌ಫಿನಿಟಿ ಅಂತಲೇ ಕರೆಯುತ್ತೇನೆ, ಜನರ ಬಾಯಲ್ಲಿ ಇನ್ನೂ ಅದೇ ಇದೆ.

ಹಂತ 1: ಐದರಿಂದ ಹನ್ನೆರಡರ ತನಕ, ಪುಟ್ಟ ಕಾರು

ಕ್ವಾರ್ಟರ್ ಮಿಜೆಟ್ ಅಂದರೆ ಮಕ್ಕಳ ಅಳತೆಯ ನಿಜವಾದ ರೇಸ್ ಕಾರು. ಐದು ವರ್ಷಕ್ಕೇ ಕೂರಿಸಬಹುದು. ಟ್ರ್ಯಾಕು ಒಂದು ಮೈಲಿಯ 20ನೇ ಒಂದು ಭಾಗದಷ್ಟು. ಜೆಫ್ ಗಾರ್ಡನ್ ಶುರು ಮಾಡಿದ್ದು ಇದರಲ್ಲೇ, ಕ್ಯಾಲಿಫೋರ್ನಿಯಾದಲ್ಲಿ, ಐದರ ಹೊತ್ತಿಗೆ. ಮುಂದೆ ಮಗನಿಗೆ ಸಣ್ಣ ವಯಸ್ಸಿನಲ್ಲೇ ದೊಡ್ಡ ಕಾರು ಓಡಿಸಲು ಅವಕಾಶ ಸಿಗಲಿ ಅಂತ ಮನೆಯವರು ಇಂಡಿಯಾನಾ ರಾಜ್ಯದ ಪಿಟ್ಸ್‌ಬರೊ ಎಂಬ ಸಣ್ಣ ಊರಿಗೆ ಗಂಟುಮೂಟೆ ಕಟ್ಟಿದರು. ಆ ಹುಡುಗ 4 ಸಲ ಕಪ್ ಚಾಂಪಿಯನ್ ಆದ, 93 ರೇಸ್ ಗೆದ್ದ.

ಬ್ಯಾಂಡೊಲೆರೊಗೆ ಎಂಟು ವರ್ಷ ತುಂಬಿರಬೇಕು. ಮೇಲೆ ಛಾವಣಿ, ಸುತ್ತ ಪಂಜರ, ಒಳಗೆ ಸಣ್ಣ ಬ್ರಿಗ್ಸ್ ಎಂಜಿನ್. ಕಾರ್ಟ್ ನಿಮಗೆ ಗೊತ್ತೇ ಇದೆ, ಬೆಂಗಳೂರಿನಲ್ಲೂ ಓಡಿಸುತ್ತಾರೆ.

ಈ ವಯಸ್ಸಿನಲ್ಲಿ ಟ್ರೋಫಿ ಎಣಿಸಬೇಡಿ. ಮೂರು ವಿಷಯ ನೋಡಿ. ಕಣ್ಣು ಎಲ್ಲಿದೆ? ಮುಂದಿನ ಕಾರಿನ ಬಂಪರ್ ಮೇಲೋ, ಅದರಾಚೆಯ ತಿರುವಿನ ಮೇಲೋ? ಇನ್ನೊಬ್ಬರು ಗುದ್ದಿದ ಮೇಲೆ ಮಗು ಏನು ಮಾಡುತ್ತದೆ? ಸೇಡಿಗೆ ಹೋಗುತ್ತದೋ, ರೇಸಿಗೆ ವಾಪಸ್ ಬರುತ್ತದೋ? ಮೂರನೆಯದು, ಭಾನುವಾರ ಬೆಳಿಗ್ಗೆ ಕಾರು ತೊಳೆಯಲು ಕರೆಯದೆಯೂ ಬರುತ್ತದೆಯಾ? ಈ ಮೂರನೆಯದಿಲ್ಲದಿದ್ದರೆ ಮುಂದಿನ ಖರ್ಚು ಸುಮ್ನೆ ದಂಡ.

ಹೆಲ್ಮೆಟ್, ಸೂಟು, ಸೀಟು, ಬೆಲ್ಟು, ಕತ್ತಿನ ರಕ್ಷಣೆ, ಇವುಗಳಲ್ಲಿ ಉಳಿತಾಯ ಮಾಡಲೇಬೇಡಿ. 2001ರ ಫೆಬ್ರವರಿ 18ರಂದು ಕಪ್ ಸೀರೀಸಿನ ಅತಿ ದೊಡ್ಡ ರೇಸಾದ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡರು. 7 ಸಲ ಚಾಂಪಿಯನ್ ಆದವರು. ಅವರು ತಲೆ ಮತ್ತು ಕತ್ತನ್ನು ಹಿಡಿದಿಡುವ ಸಾಧನ ಹಾಕಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಿಂದ ನಾಸ್ಕಾರ್ ಅದನ್ನು ಕಡ್ಡಾಯ ಮಾಡಿತು. ಮಗುವಿನ ಕಾರಿಗೂ ಅದೇ ನಿಯಮ ಇಟ್ಟುಕೊಳ್ಳಿ, ಆ ಟ್ರ್ಯಾಕು ಕೇಳಲಿ, ಬಿಡಲಿ.

ಮನೆಯಲ್ಲೇ ಇರುವ ಇನ್ನೊಂದು ಬಾಗಿಲು

ಇಪ್ಪತ್ತು ವರ್ಷದ ಹಿಂದೆ ಈ ಭಾಗ ಬರೆಯುವ ಪ್ರಶ್ನೆಯೇ ಇರಲಿಲ್ಲ. ಐರೇಸಿಂಗ್ ಎಂಬ ಸಿಮ್ಯುಲೇಟರ್ 2008ರಲ್ಲಿ ಬಂತು. ನಿಜವಾದ ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು, ಒಂದೊಂದು ಉಬ್ಬುತಗ್ಗನ್ನೂ ಅದರೊಳಗೆ ತಂದಿದ್ದಾರೆ. ವಿಲಿಯಂ ಬೈರನ್ ಶಾರ್ಲಟ್‌ನದ್ದೇ ಹುಡುಗ. ಮನೆಯಲ್ಲಿ ರೇಸಿನ ಹಿನ್ನೆಲೆ ಇರಲಿಲ್ಲ. ಕಂಪ್ಯೂಟರಿನಲ್ಲಿ ಆಡಿ ಆಡಿ, ಹದಿಹರೆಯಕ್ಕೆ ಬಂದ ಮೇಲೆ ನಿಜವಾದ ಲೆಜೆಂಡ್ಸ್ ಕಾರು ಹತ್ತಿದ. 2018ಕ್ಕೆ ಕಪ್ ಸೀರೀಸಿನಲ್ಲಿದ್ದ. 2024, 2025, ಎರಡು ವರ್ಷವೂ ಡೇಟೋನಾ 500 ಗೆದ್ದ. ರಾಜಾ ಕರೂತ್ ಕಥೆಯೂ ಹೀಗೇ. ಸಿಮ್ಯುಲೇಟರಿನಿಂದ ಶುರುಮಾಡಿ 2024ರಲ್ಲಿ ಲಾಸ್ ವೇಗಸ್‌ನಲ್ಲಿ ಟ್ರಕ್ ರೇಸ್ ಗೆದ್ದ.

ಹಾಗಂತ ಸಿಮ್ಯುಲೇಟರ್ ಎಲ್ಲವನ್ನೂ ಕಲಿಸುವುದಿಲ್ಲ. ಎಲ್ಲಿ ಬ್ರೇಕ್ ಒತ್ತಬೇಕು, ಯಾವ ಗೆರೆ ಹಿಡಿಯಬೇಕು, ಪಕ್ಕದವನಿಗೆ ಎಷ್ಟು ಜಾಗ ಬಿಡಬೇಕು, ಇದನ್ನು ಕಲಿಸುತ್ತದೆ. ಕಾರಿನ ಹಿಂಭಾಗ ಜಾರುವಾಗ ಸೊಂಟಕ್ಕೆ ಆಗುವ ಅರಿವು ಅಲ್ಲಿ ಸಿಗಲ್ಲ. ಆದರೂ ಕಡಿಮೆ ಖರ್ಚಿನಲ್ಲಿ ಮಗುವಿನ ಆಸಕ್ತಿ ಗಟ್ಟಿಯೋ ಜೊಳ್ಳೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಂತ 2: ಲೆಜೆಂಡ್ಸ್

1930, 40ರ ದಶಕದ ಕಾರುಗಳ ಆಕಾರ, ಆದರೆ ಎಂಟರಲ್ಲಿ ಐದು ಭಾಗದಷ್ಟು ಅಳತೆ. ಒಳಗೆ ಯಮಹಾ ಬೈಕಿನ ಎಂಜಿನ್. ಶಾರ್ಲಟ್ ಪಕ್ಕದಲ್ಲೇ ತಯಾರಾಗುತ್ತದೆ, 1992ರಿಂದ. ಹನ್ನೆರಡು ವರ್ಷದಿಂದ ಓಡಿಸಬಹುದು.

ಈ ಕಾರನ್ನು ಹಿಡಿಯುವುದು ಕಷ್ಟ. ಉದ್ದ ಕಡಿಮೆ, ತೂಕ ಕಡಿಮೆ, ಶಕ್ತಿ ಜಾಸ್ತಿ. ತಿರುವಿನಲ್ಲಿ ಸ್ವಲ್ಪ ಅವಸರಪಟ್ಟು ಗ್ಯಾಸ್ (ಆಕ್ಸಿಲರೇಟರ್) ಒತ್ತಿದರೂ ಬುಗುರಿಯ ಹಾಗೆ ಸುತ್ತುತ್ತದೆ. ಅದೇ ಇದರ ಪಾಠ. ಬಲಗಾಲು ಸ್ವಿಚ್ಚಿನಂತೆ ಇರಬಾರದು, ನಲ್ಲಿಯನ್ನು ನಿಧಾನಕ್ಕೆ ತಿರುಗಿಸುವ ಕೈಯಂತೆ ಇರಬೇಕು. ಎಲ್ಲರ ಎಂಜಿನ್ನೂ ಒಂದೇ ಥರ ಇರುವುದರಿಂದ ದುಡ್ಡಿನ ಬಲ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಶಾರ್ಲಟ್ ಮೋಟರ್ ಸ್ಪೀಡ್‌ವೇಯ ಕಾಲು ಮೈಲಿ ಟ್ರ್ಯಾಕಿನಲ್ಲಿ ಸಮ್ಮರ್ ಷೂಟೌಟ್ ಎಂಬ ರೇಸ್ ಸರಣಿ ನಡೆಯುತ್ತದೆ. ಒಂದು ಸಂಜೆ ಹೋಗಿ ಕೂರಿ. ಮುಂದೆ ಟಿವಿಯಲ್ಲಿ ಬರುವ ಮುಖಗಳು ಅಲ್ಲಿರುತ್ತವೆ.

ಎರಡು ಸೀಸನ್ ಸಾಕು.

ಹಂತ 3: ಲೇಟ್ ಮಾಡೆಲ್, ಇಲ್ಲೇ ನಿಲ್ಲಿ

ಇದು ನಿಜವಾದ ಸ್ಟಾಕ್ ಕಾರಿನ ಮೊದಲ ಮೆಟ್ಟಿಲು. ಪೂರ್ತಿ ಅಳತೆಯ ಕಾರು, ವಿ8 ಎಂಜಿನ್, ಅಗಲದ ಟೈರು. ಕೆರೊಲೈನಾ, ವರ್ಜೀನಿಯಾ ಕಡೆ ಲೇಟ್ ಮಾಡೆಲ್ ಸ್ಟಾಕ್ ಎಂಬ ಬಗೆ ಓಡುತ್ತದೆ. ಫ್ಲಾರಿಡಾ, ಅಲಬಾಮಾ ಕಡೆ ಸೂಪರ್ ಲೇಟ್ ಮಾಡೆಲ್, ಇನ್ನೂ ಹಗುರ, ಇನ್ನೂ ಜೋರು. ಹಿಕರಿ, ವರ್ಜೀನಿಯಾದ ಸೌತ್ ಬಾಸ್ಟನ್‌ನಂಥ ಊರುಗಳ ವಾರದ ರೇಸಿನಲ್ಲಿ ಓಡಿಸಿ. ಪಳಗಿದ ಮೇಲೆ ಊರೂರು ಸುತ್ತುವ ಕಾರ್ಸ್ ಟೂರ್‌ಗೆ ಹೋಗಿ. 2023ರಲ್ಲಿ ಕಪ್ ಸೀರೀಸಿನಲ್ಲಿ ಹೆಸರು ಮಾಡಿದ ಡೇಲ್ ಅರ್ನ್‌ಹಾರ್ಟ್ ಜೂನಿಯರ್ (ಮೇಲೆ ಹೇಳಿದ ಡೇಲ್ ಅವರ ಮಗ), ಕೆವಿನ್ ಹಾರ್ವಿಕ್, ಜೆಫ್ ಬರ್ಟನ್, ಜಸ್ಟಿನ್ ಮಾರ್ಕ್ಸ್ ಸೇರಿ ಈ ಟೂರನ್ನು ಕೊಂಡುಕೊಂಡರು. ಮೇಲಿನವರ ಕಣ್ಣು ಈ ಮೆಟ್ಟಿಲ ಮೇಲೆ ಎಷ್ಟಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಲ್ಲಿ ಕಲಿಯುವುದು ಮುಖ್ಯವಾಗಿ ಕಾರಿನ ಜೊತೆ ಮಾತಾಡುವುದನ್ನು.

ಒಂದು ಪೇಪರ್ ಟೀ ಕಪ್ ತಗೊಳ್ಳಿ. ಮೇಜಿನ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ತಳ್ಳಿ. ನೆಟ್ಟಗೆ ಹೋಗುವುದಿಲ್ಲ, ಬಾಯಿ ಅಗಲ, ತಳ ಕಿರಿದು, ಹಾಗಾಗಿ ಸುತ್ತು ಹಾಕುತ್ತದೆ ಅಲ್ವಾ? ಓವಲ್ ಟ್ರ್ಯಾಕು, ಅಂದರೆ ಬರೀ ಎಡಕ್ಕೇ ತಿರುಗುವ ಮೊಟ್ಟೆಯಾಕಾರದ ಟ್ರ್ಯಾಕು, ಅಲ್ಲಿ ಓಡುವ ಕಾರಿನ ಹಿಂದಿನ ಟೈರುಗಳನ್ನೂ ಹಾಗೇ ಜೋಡಿಸುತ್ತಾರೆ. ಬಲಗಡೆಯದರ ಸುತ್ತಳತೆ ದೊಡ್ಡದು, ಎಡಗಡೆಯದು ಸಣ್ಣದು. ಕಾರು ತಾನೇ ಎಡಕ್ಕೆ ತಿರುಗಲು ನೋಡುತ್ತದೆ. ಇದಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ಜಾಸ್ತಿ ಸ್ಟ್ಯಾಗರ್ ಇಟ್ಟರೆ ತಿರುವಿನ ನಡುವೆ ಕಾರು ಸಲೀಸು, ಹೊರಬರುವಾಗ ಹಿಂಭಾಗ ಜಾರುತ್ತದೆ. ಕಡಿಮೆ ಇಟ್ಟರೆ ಇದರ ಉಲ್ಟಾ.

ಇನ್ನೆರಡು ಶಬ್ದ: ಟೈಟ್, ಲೂಸ್. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಗೋಡೆ ಕಡೆಗೇ ಹೋದರೆ ಕಾರು ಟೈಟ್. ಮೂತಿ ತಿರುಗಿ ಹಿಂಭಾಗ ಹೊರಗೆ ಓಡಿದರೆ ಲೂಸ್. ಮೊದಲ ಸಲ ಬರುವ ಮಕ್ಕಳು "ಕಾರು ಸರಿಯಿಲ್ಲ" ಅಂತಷ್ಟೇ ಹೇಳುತ್ತವೆ. ಅದರಿಂದ ಕಾರು ಹೊಂದಿಸುವ ತಂಡದ ಮುಖ್ಯಸ್ಥ, ಅಂದರೆ ಕ್ರೂ ಚೀಫ್‌ಗೆ ಏನೂ ತಿಳಿಯುವುದಿಲ್ಲ. "ತಿರುವಿಗೆ ಹೋಗುವಾಗ ಚೆನ್ನಾಗಿದೆ, ನಡುವೆ ಟೈಟ್, ಗ್ಯಾಸ್ ಕೊಟ್ಟ ಕೂಡಲೇ ಲೂಸ್" ಅಂದರೆ ತಿಳಿಯುತ್ತದೆ. ತಿರುವನ್ನು ಮೂರು ತುಂಡು ಮಾಡಿ ಹೇಳುವುದನ್ನು ಅಭ್ಯಾಸ ಮಾಡಿಸಿ. ಪ್ರತಿ ಪ್ರಾಕ್ಟೀಸ್ ಆದ ಮೇಲೂ ಬರೆಸಿ. ಹಿಕರಿಯ ಆ ಅಪ್ಪನ ಪುಸ್ತಕ ಇದ್ದದ್ದು ಇದಕ್ಕೇ. ಮುಂದೆ ಕಪ್ ರೇಸಿನಲ್ಲಿ ಪಿಟ್‌ಗೆ ಬಂದ ಕಾರಿನ ಹಿಂದಿನ ಗಾಜಿನ ತೂತಿಗೆ ಉದ್ದನೆಯ ಪಾನಾ ತೂರಿಸಿ ಒಂದು ಸುತ್ತು ತಿರುಗಿಸುತ್ತಾರೆ. ಯಾವ ಕಡೆ ತಿರುಗಿಸಬೇಕು ಅನ್ನುವುದು ಡ್ರೈವರ್ ರೇಡಿಯೋದಲ್ಲಿ ಹೇಳಿದ ಆ ಒಂದು ವಾಕ್ಯದ ಮೇಲೆ ನಿಂತಿರುತ್ತದೆ.

ಇಲ್ಲಿಯ ಇನ್ನೊಂದು ಪಾಠ ಟೈರು ಉಳಿಸುವುದು. 200, 300 ಸುತ್ತಿನ ರೇಸಿನಲ್ಲಿ ಮೊದಲ 50 ಸುತ್ತು ಹಾರಿದವರು ಕೊನೆಗೆ ಕುಂಟುತ್ತಾರೆ. ನಲವತ್ತು ದಾಟಿದ ಊರಿನ ಹಳೆಯ ಡ್ರೈವರುಗಳು ಈ ವಿದ್ಯೆಯ ಮೇಷ್ಟ್ರುಗಳು. ವಾರವೆಲ್ಲ ಗ್ಯಾರೇಜಿನಲ್ಲಿ ಕೆಲಸ ಮಾಡಿ ಶನಿವಾರ ರೇಸಿಗೆ ಬರುವವರು. ಅವರ ಹಿಂದೆ ನಿಮ್ಮ ಮಗ ಹತ್ತು ವಾರ ಸೋಲಲಿ. ಯಾವ ತರಬೇತಿ ಶಾಲೆಯೂ ಅಷ್ಟು ಕಲಿಸುವುದಿಲ್ಲ.

ಈ ಮೆಟ್ಟಿಲಿನ ದೊಡ್ಡ ಪರೀಕ್ಷೆ ಸ್ನೋಬಾಲ್ ಡರ್ಬಿ. ಫ್ಲಾರಿಡಾದ ಪೆನ್ಸಕೋಲಾದಲ್ಲಿ, ಡಿಸೆಂಬರಿನಲ್ಲಿ, 1968ರಿಂದ ನಡೆಯುತ್ತಿದೆ. ಅರ್ಧ ಮೈಲಿಯ ಟ್ರ್ಯಾಕು, 300 ಸುತ್ತು. 2010ರಲ್ಲಿ ಆ ಊರಿನದೇ ಹುಡುಗಿ ಜೊಹಾನಾ ಲಾಂಗ್ ಗೆದ್ದಳು. 2012ರಲ್ಲಿ ಎರಿಕ್ ಜೋನ್ಸ್ ಎಂಬ 16ರ ಹುಡುಗ ಕಪ್ ಸೀರೀಸಿನ ದೊಡ್ಡ ಡ್ರೈವರ್ ಕೈಲ್ ಬುಶ್‌ನನ್ನೇ ಹಿಂದೆ ಹಾಕಿ ಗೆದ್ದ. ಸೋತ ಬುಶ್ ಆ ಹುಡುಗನನ್ನು ತನ್ನ ಟ್ರಕ್ ಟೀಮಿಗೆ ಸೇರಿಸಿಕೊಂಡ. ಜೋನ್ಸ್ 2015ರಲ್ಲಿ ಟ್ರಕ್ ಚಾಂಪಿಯನ್ ಆದ. ಒಂದು ಭಾನುವಾರದ ಓಟ ಅವನ ಬದುಕನ್ನೇ ತಿರುಗಿಸಿತು.

2013ರ ಸ್ನೋಬಾಲ್ ಡರ್ಬಿಯಲ್ಲಿ ಮೊದಲು ಗುರಿ ಮುಟ್ಟಿದ್ದು ಚೇಸ್ ಎಲಿಯಟ್. ರೇಸ್ ಆದ ಮೇಲಿನ ತಪಾಸಣೆಯಲ್ಲಿ ಕಾರಿನಲ್ಲಿ ನಿಷೇಧಿತ ಟಂಗ್‌ಸ್ಟನ್ ತೂಕ ಸಿಕ್ಕಿತು. ಗೆಲುವು ಹೋಯಿತು, ಜೋನ್ಸ್‌ಗೆ ಸಿಕ್ಕಿತು. ರೂಲ್ ಬುಕ್ಕನ್ನು ಡ್ರೈವರೂ ಓದಬೇಕು. "ಅದು ಮೆಕ್ಯಾನಿಕ್ ಕೆಲಸ" ಅಂತ ಬಿಡಬೇಡಿ.

ಇನ್ನು ಜಾಶ್ ಬೆರಿ. ನನಗೆ ಈ ಇಡೀ ಕ್ರೀಡೆಯಲ್ಲಿ ಅತಿ ಇಷ್ಟದ ಕಥೆ ಇದು. ಟೆನೆಸಿಯ ಹೆಂಡರ್ಸನ್‌ವಿಲ್ ಊರಿನವನು. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ. ಐರೇಸಿಂಗ್‌ನಲ್ಲಿ ಡೇಲ್ ಜೂನಿಯರ್ ಪರಿಚಯವಾಗಿ, ಅವರ ಟೀಮಿನ ಲೇಟ್ ಮಾಡೆಲ್ ಓಡಿಸಲು ಬಂದ. ಹತ್ತು ವರ್ಷ ಅಲ್ಲೇ ಇದ್ದ. ತನ್ನ ಕಾರನ್ನು ತಾನೇ ರಿಪೇರಿ ಮಾಡಿದ. ದುಡ್ಡಿದ್ದ ಹದಿಹರೆಯದ ಹುಡುಗರು ಪಕ್ಕದಲ್ಲಿ ಬಂದು ಮೇಲೆ ಹೋಗುವುದನ್ನು ನೋಡುತ್ತಾ ಗೆಲ್ಲುತ್ತಲೇ ಇದ್ದ. 2020ರಲ್ಲಿ ನಾಸ್ಕಾರ್ ವಾರದ ರೇಸುಗಳ ರಾಷ್ಟ್ರೀಯ ಚಾಂಪಿಯನ್ ಆದ. 2021ರಲ್ಲಿ ಎಕ್ಸ್‌ಫಿನಿಟಿಯಲ್ಲಿ ಅರ್ಧ ಸೀಸನ್ ಸಿಕ್ಕಿತು. ಅದೂ ಯಾಕೆ? ಆ ಸೀಟಿಗೆ ಬರಬೇಕಿದ್ದ ಸ್ಯಾಮ್ ಮೇಯರ್‌ಗೆ ಇನ್ನೂ 18 ತುಂಬಿರಲಿಲ್ಲ, ಅಲ್ಲಿಯ ತನಕ ಯಾರಾದರೂ ಓಡಿಸಬೇಕಿತ್ತು. ಸಿಕ್ಕ ಆ ಕೆಲವೇ ರೇಸುಗಳಲ್ಲಿ ಬೆರಿ ಮಾರ್ಟಿನ್ಸ್‌ವಿಲ್ ಗೆದ್ದುಬಿಟ್ಟ. ಅರ್ಧ ಮೈಲಿಯ ಟ್ರ್ಯಾಕು ಅದು. ಅವನು ಬೆಳೆದದ್ದೇ ಅಂಥ ಟ್ರ್ಯಾಕುಗಳಲ್ಲಿ. 2024ಕ್ಕೆ ಕಪ್ ಸೀರೀಸಿಗೆ ಬಂದ. 2025ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ತನ್ನ ಮೊದಲ ಕಪ್ ರೇಸ್ ಗೆದ್ದ, 1950ರಿಂದ ಇರುವ ವುಡ್ ಬ್ರದರ್ಸ್ ಟೀಮಿಗೆ. ಆಗ ಅವನಿಗೆ 34.

ದುಡ್ಡಿನ ಮಾತು

ಇದನ್ನು ಕೊನೆಗೆ ಇಡುವುದು ವಾಡಿಕೆ. ನಾನು ನಡುವೆ ಇಡುತ್ತಿದ್ದೇನೆ, ಯಾಕೆಂದರೆ ಮನೆಗಳು ಮುರಿಯುವುದು ಇಲ್ಲೇ. ಲೇಟ್ ಮಾಡೆಲ್ ತನಕ ಉಳಿತಾಯ, ಸಾಲ, ಗೆಳೆಯರ ಕೈ ಸಹಾಯದಲ್ಲಿ ಹೇಗೋ ನಡೆಯುತ್ತದೆ. ಅದರ ಮೇಲೆ ಒಂದು ಪೂರ್ತಿ ಸೀಸನ್ನಿನ ಖರ್ಚು ಮಿಲಿಯನ್ ಡಾಲರುಗಳಲ್ಲಿ. ಸಂಬಳದ ಮನೆ ಅದನ್ನು ಹೊರಲಾರದು. ಮನೆ ಅಡವಿಡಬೇಡಿ, ದಯವಿಟ್ಟು.

ಸೀಟು ಸಿಗುವುದು ನಾಲ್ಕು ದಾರಿಯಲ್ಲಿ. ಮನೆಯ ದುಡ್ಡು. ಸ್ಪಾನ್ಸರ್. ಕಾರ್ ಕಂಪನಿಯ ತರಬೇತಿ ಯೋಜನೆ, ಟೊಯೋಟಾದವರು ಇದರಲ್ಲಿ ಬಹಳ ಮುಂದಿದ್ದಾರೆ. ನಾಲ್ಕನೆಯದು, ನಾಸ್ಕಾರ್ 2004ರಲ್ಲಿ ಶುರು ಮಾಡಿದ ಡ್ರೈವ್ ಫಾರ್ ಡೈವರ್ಸಿಟಿ. ಹೆಣ್ಣುಮಕ್ಕಳಿಗೆ, ಬಿಳಿಯರಲ್ಲದ ಮಕ್ಕಳಿಗೆ ಬಾಗಿಲು ತೆಗೆಯಲೆಂದು ಹುಟ್ಟಿದ್ದು. ಕೈಲ್ ಲಾರ್ಸನ್, ಬಬ್ಬಾ ವಾಲೇಸ್, ಡೇನಿಯಲ್ ಸುವಾರೆಜ್, ರಾಜಾ ಕರೂತ್ ಎಲ್ಲರೂ ಅದರಿಂದ ಬಂದವರು. ನಮ್ಮ ಮಕ್ಕಳಿಗೂ ಈ ಥರದ ಆಯ್ಕೆ ಶಿಬಿರಗಳು ಮೊದಲು ತಟ್ಟಬೇಕಾದ ಬಾಗಿಲು.

ಸ್ಪಾನ್ಸರ್ ಹುಡುಕುವಾಗ ಕಾರಿನ ಮೇಲೆ ಹೆಸರು ಬರೆಸುತ್ತೇವೆ ಅಂದರೆ ಯಾರೂ ದುಡ್ಡು ಕೊಡುವುದಿಲ್ಲ. ಅವರ ವ್ಯಾಪಾರಕ್ಕೆ ಏನು ಲಾಭ ಅನ್ನುವುದನ್ನು ಹೇಳಬೇಕು. ಹತ್ತಿರದ ಹಾರ್ಡ್‌ವೇರ್ ಅಂಗಡಿ, ದಂತವೈದ್ಯರು, ದೇಸಿ ದಿನಸಿ ಅಂಗಡಿ, ಇವರಿಂದ ಶುರು ಮಾಡಿ. ಶನಿವಾರ ಬೆಳಿಗ್ಗೆ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿ, ಮಕ್ಕಳನ್ನು ಒಳಗೆ ಕೂರಿಸಿ ಫೋಟೋ ತೆಗೆಸಿ. ಹದಿನಾಲ್ಕರ ಹುಡುಗಿ ಅಂಗಡಿಯವರ ಕಣ್ಣು ನೋಡಿ ಐದು ನಿಮಿಷ ಮಾತಾಡಲು ಕಲಿತರೆ, ಮುಂದೆ ದೊಡ್ಡ ಕಂಪನಿಯ ಮೀಟಿಂಗಿನಲ್ಲಿ ತಡವರಿಸುವುದಿಲ್ಲ.

ರಾಸ್ ಚಾಸ್ಟೇನ್‌ನದು ಫ್ಲಾರಿಡಾದ ಕಲ್ಲಂಗಡಿ ಬೆಳೆಯುವ ಮನೆತನ. ದುಡ್ಡಿಲ್ಲದ ಸಣ್ಣ ಟೀಮುಗಳಲ್ಲಿ ವರ್ಷಗಟ್ಟಲೆ ಹಿಂದೆ ಓಡಿದ. 2018ರಲ್ಲಿ ಒಂದು ದೊಡ್ಡ ಟೀಮು ಬರೀ ಮೂರು ರೇಸ್ ಕೊಟ್ಟಿತು. ಅದರಲ್ಲೇ ಲಾಸ್ ವೇಗಸ್ ಗೆದ್ದ, ಮುಂದಿನ ವರ್ಷಕ್ಕೆ ಪೂರ್ತಿ ಸೀಟು ಸಿಕ್ಕಿತು. ಅಷ್ಟರಲ್ಲಿ ಡಿಸೆಂಬರಿನಲ್ಲಿ ಸ್ಪಾನ್ಸರ್ ಕಂಪನಿಯ ಮೇಲೆ ಎಫ್‌ಬಿಐ ದಾಳಿಯಾಯಿತು. ಸೀಟು ಹೋಯಿತು. ಅವನು ಒಂದು ಮೆಟ್ಟಿಲು ಕೆಳಗಿಳಿದು ಟ್ರಕ್ ಓಡಿಸಿದ. 2019ರಲ್ಲಿ ಅಲ್ಲಿ ಎರಡನೆಯವನಾದ. 2022ಕ್ಕೆ ಕಪ್‌ನಲ್ಲಿ ಗೆದ್ದ, ಆ ವರ್ಷದ ಚಾಂಪಿಯನ್‌ಷಿಪ್‌ನಲ್ಲೂ ಎರಡನೆಯವನಾದ. ಗೆದ್ದಾಗಲೆಲ್ಲ ಕಾರಿನ ಮೇಲೆ ಹತ್ತಿ ಕಲ್ಲಂಗಡಿ ಒಡೆಯುತ್ತಾನೆ. ಕೆಳಗಿಳಿಯುವುದು ಅವಮಾನ ಅಂತ ಅವನು ಅಂದುಕೊಂಡಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಹಂತ 4: ಆರ್ಕಾ ಮತ್ತು ಒಪ್ಪಿಗೆ ಪತ್ರ

ಆರ್ಕಾ ಎಂಬ ರೇಸ್ ಸಂಸ್ಥೆ 1953ರಲ್ಲಿ ಒಹಾಯೋದ ಟೊಲಿಡೊದಲ್ಲಿ ಹುಟ್ಟಿತು. 2018ರಲ್ಲಿ ನಾಸ್ಕಾರ್ ಅದನ್ನು ಕೊಂಡಿತು. ಸಣ್ಣ ಟ್ರ್ಯಾಕಿನಲ್ಲಿ 15ಕ್ಕೇ ಓಡಿಸಬಹುದು. ದೊಡ್ಡ ಓವಲ್‌ಗೆ ಇನ್ನೂ ಸ್ವಲ್ಪ ವಯಸ್ಸಾಗಿರಬೇಕು. ವಯಸ್ಸಿನ ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ರೂಲ್ ಬುಕ್ ನೋಡಿಕೊಳ್ಳಿ.

ಇಲ್ಲಿಂದ ಮೇಲೆ ದುಡ್ಡಿದ್ದರೂ ಸೀದಾ ಹೋಗಿ ಓಡಿಸಲು ಬಿಡುವುದಿಲ್ಲ. ಎಲ್ಲೆಲ್ಲಿ, ಎಷ್ಟು ರೇಸ್, ಎಷ್ಟನೇ ಸ್ಥಾನ ಅನ್ನುವ ಪಟ್ಟಿಯನ್ನು ನಾಸ್ಕಾರ್‌ಗೆ ಕೊಡಬೇಕು. ಅವರು ಟ್ರ್ಯಾಕಿನ ಬಗೆ ನೋಡಿ ಒಪ್ಪಿಗೆ ಕೊಡುತ್ತಾರೆ: ಮೊದಲು ಸಣ್ಣವು, ಆಮೇಲೆ ಮೈಲಿ, ಒಂದೂವರೆ ಮೈಲಿಯವು, ಕೊನೆಗೆ ಡೇಟೋನಾ, ಟಲ್ಲಡೇಗಾದಂಥ ಅತಿ ದೊಡ್ಡವು. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ರೇಸಿನ ಲೆಕ್ಕ ಇಟ್ಟುಕೊಳ್ಳಿ.

ಡೇಟೋನಾ ಎರಡೂವರೆ ಮೈಲಿ ಸುತ್ತು, ತಿರುವುಗಳು 31 ಡಿಗ್ರಿ ಓರೆ. ಅಲ್ಲಿ ನಡೆಯುವುದು ಡ್ರಾಫ್ಟಿಂಗ್. ಮುಂದಿನ ಕಾರು ಗಾಳಿ ಸೀಳಿದ ಜಾಗದಲ್ಲಿ ಹಿಂದಿನ ಕಾರು ತೂರಿಕೊಂಡು ಹೋಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ, ಬಂಪರಿಗೂ ಬಂಪರಿಗೂ ಒಂದು ಗೇಣು. ಅದಕ್ಕೇ ರೇಸಿಗೆ ಮೊದಲು ಟೆಸ್ಟ್ ದಿನಗಳಲ್ಲಿ ಹೊಸಬರನ್ನು ಗುಂಪಿನಲ್ಲಿ ಓಡಿಸಿ ನೋಡುತ್ತಾರೆ. ಎತ್ತರದಲ್ಲಿ ನಿಂತು ಟ್ರ್ಯಾಕ್ ನೋಡುವ ಸಹಾಯಕ, ಸ್ಪಾಟರ್, ರೇಡಿಯೋದಲ್ಲಿ ಕಿವಿಗೆ ಹೇಳುವುದನ್ನು ಕಣ್ಣಿನಷ್ಟೇ ನಂಬಬೇಕಾಗುತ್ತದೆ. ಇದನ್ನು ಲೇಟ್ ಮಾಡೆಲ್ ಕಲಿಸಿರುವುದಿಲ್ಲ, ಇಲ್ಲೇ ಕಲಿಯಬೇಕು. ಆರ್ಕಾ ಇರುವುದು ಇದಕ್ಕೆ. ಒಂದು ವರ್ಷ ಸಾಕು.

ಹಂತ 5: ಟ್ರಕ್

1995ರಲ್ಲಿ ಶುರುವಾದ ಪಿಕಪ್ ಟ್ರಕ್ ರೇಸು. ಗುದ್ದಾಟ ಇಲ್ಲಿ ಜಾಸ್ತಿ. ಹೊಸ ಹುಡುಗರು, ಹಳೆಯ ಹುಲಿಗಳು ಒಟ್ಟಿಗೇ ಓಡುವ ಜಾಗ.

2001ರಲ್ಲಿ ಕೈಲ್ ಬುಶ್‌ಗೆ 16. ಕ್ಯಾಲಿಫೋರ್ನಿಯಾದಲ್ಲಿ ಟ್ರಕ್ ರೇಸಿಗೆ ಬಂದಿದ್ದ. ಆ ವಾರಾಂತ್ಯದ ಇನ್ನೊಂದು ದೊಡ್ಡ ರೇಸಿನ ಸ್ಪಾನ್ಸರ್ ಸಿಗರೇಟ್ ಕಂಪನಿ. 18 ತುಂಬದವರು ಅಂಥ ಕಾರ್ಯಕ್ರಮದಲ್ಲಿ ಭಾಗವಹಿಸುವಂತಿಲ್ಲ ಅಂತ ಅವನನ್ನು ಹೊರಗೆ ಕಳಿಸಿದರು. ಮರುವರ್ಷದಿಂದ ನಾಸ್ಕಾರ್ ಎಲ್ಲರಿಗೂ 18ರ ಗಡಿ ಹಾಕಿತು. ಬುಶ್ ಬೇರೆ ಸಂಸ್ಥೆಯ ಸಣ್ಣ ಟ್ರ್ಯಾಕ್ ರೇಸುಗಳಿಗೆ ಹೋಗಿ ಕಾದ. ಕಾಯುವಾಗ ರೇಸ್ ಬಿಡಲಿಲ್ಲ, ಅದು ಮುಖ್ಯ. ಮುಂದೆ ಎಕ್ಸ್‌ಫಿನಿಟಿಯೊಂದರಲ್ಲೇ 102 ರೇಸ್ ಗೆದ್ದ. 2013ರಿಂದ ಸಣ್ಣ ಟ್ರ್ಯಾಕಿನಲ್ಲಿ, ಎಡಕ್ಕೂ ಬಲಕ್ಕೂ ತಿರುವಿರುವ ರೋಡ್ ಕೋರ್ಸಿನಲ್ಲಿ ಟ್ರಕ್ ಓಡಿಸಲು 16ಕ್ಕೇ ಬಿಡುತ್ತಿದ್ದಾರೆ.

ಹಂತ 6: ಎಕ್ಸ್‌ಫಿನಿಟಿ

ವರ್ಷಕ್ಕೆ 33 ರೇಸು. ಇಲ್ಲಿ ಕಲಿಯುವುದು ವಾರ ವಾರವೂ ಬರುವುದನ್ನು. ಇವತ್ತು ಕಾರು ನುಜ್ಜುಗುಜ್ಜಾದರೂ ಮುಂದಿನ ಶನಿವಾರ ಇನ್ನೊಂದು ರಾಜ್ಯದಲ್ಲಿ ಹೊಸ ಟ್ರ್ಯಾಕು ಕಾಯುತ್ತಿರುತ್ತದೆ. ಈ ಹೊತ್ತಿಗೆ ಶಾರ್ಲಟ್ ಹತ್ತಿರದ ಮೂರ್ಸ್‌ವಿಲ್, ಕಾನ್‌ಕಾರ್ಡ್ ಸುತ್ತ ಮನೆ ಮಾಡಿರಬೇಕು. ಹೆಚ್ಚಿನ ಟೀಮುಗಳ ವರ್ಕ್‌ಷಾಪು ಅಲ್ಲೇ. ವಾರದ ದಿನ ವರ್ಕ್‌ಷಾಪಿಗೆ ಹೋಗಿ ಹುಡುಗರ ಜೊತೆ ಊಟ ಮಾಡುವ ಡ್ರೈವರಿಗೂ, ರೇಸಿನ ದಿನ ಮಾತ್ರ ಮುಖ ತೋರಿಸುವ ಡ್ರೈವರಿಗೂ ಟೀಮು ಒಂದೇ ಥರ ದುಡಿಯುವುದಿಲ್ಲ. ಬೈರನ್ 2017ರಲ್ಲಿ, ಎಲಿಯಟ್ 2014ರಲ್ಲಿ ಈ ಮೆಟ್ಟಿಲಿನ ಚಾಂಪಿಯನ್ ಆದವರು.

ಹಂತ 7: ಕಪ್

36 ರೇಸು, ಫೆಬ್ರವರಿಯಿಂದ ನವೆಂಬರ್. ಕಾಯಂ ಜಾಗ ಇರುವುದು 36 ಕಾರುಗಳಿಗೆ ಮಾತ್ರ, ಅದಕ್ಕೆ ಚಾರ್ಟರ್ ಅನ್ನುತ್ತಾರೆ. ಒಂದು ರೇಸಿಗೆ ಸಾಮಾನ್ಯವಾಗಿ 40 ಕಾರಿನ ಮಿತಿ. ಇಡೀ ದೇಶದಲ್ಲಿ ಇಷ್ಟೇ ಕುರ್ಚಿ. ಯಾರೋ ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದು. ಕಾರೂ ಬೇರೆ: 2022ರಿಂದ ಬಂದ ಹೊಸ ಕಾರಿನಲ್ಲಿ ಚಕ್ರಕ್ಕೆ ಐದು ನಟ್ ಇಲ್ಲ, ನಡುವೆ ಒಂದೇ. ಗೇರ್ ಹಾಕುವ ರೀತಿಯೂ ಬೇರೆ. ಕೆಳಗೆ ಕಲಿತ ಸ್ವಲ್ಪ ಅಭ್ಯಾಸವನ್ನು ಇಲ್ಲಿ ಮರೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಒಳಗಿನ ಸೆಖೆ 50 ಡಿಗ್ರಿ ದಾಟುತ್ತದೆ. ಶಾರ್ಲಟ್‌ನ 600 ಮೈಲಿ ರೇಸಿನಲ್ಲಿ ಆ ಸೆಖೆಯಲ್ಲಿ ನಾಲ್ಕು ಗಂಟೆ ಕೂರಬೇಕು. ದೇಹವನ್ನು ಅದಕ್ಕೆ ಹದಗೊಳಿಸುವುದು ಹದಿನಾರರಿಂದಲೇ ಶುರುವಾಗಬೇಕು.

ಹೊರದೇಶದಿಂದ ಬರುವವರಿಗೆ

ಭಾರತದಲ್ಲಿ ಸ್ಟಾಕ್ ಕಾರ್ ಏಣಿ ಇಲ್ಲ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ಕಾರ್ಟಿಂಗ್‌ನಿಂದ ಫಾರ್ಮುಲಾ ಕಾರಿನ ದಾರಿ ಹಿಡಿದು ಯುರೋಪಿಗೆ ಹೋದರು. ನಮ್ಮಲ್ಲಿ ಇರುವುದು ಆ ದಾರಿ. ಆದರೆ ಕಾರ್ಟಿಂಗ್ ಎರಡಕ್ಕೂ ತಳಪಾಯ. ಯುರೋಪ್, ಮೆಕ್ಸಿಕೋ, ಕೆನಡಾಗಳಲ್ಲಿ ನಾಸ್ಕಾರ್‌ನದೇ ಸೀರೀಸುಗಳಿವೆ. ಮೆಕ್ಸಿಕೋದ ಮಾಂಟೆರ್ರೆಯ ಸುವಾರೆಜ್ ಹಳೆಯ ಬೀಟಲ್ ಕಾರಿನಲ್ಲಿ ಗಡಿ ದಾಟಿ ಬಂದವನು. ಇಂಗ್ಲಿಷ್ ಬರುತ್ತಿರಲಿಲ್ಲ. ಸಿನಿಮಾ, ಕಾರ್ಟೂನ್ ನೋಡಿ ಕಲಿತ. 2016ರಲ್ಲಿ ಎಕ್ಸ್‌ಫಿನಿಟಿ ಚಾಂಪಿಯನ್ ಆದ, 2022ರಲ್ಲಿ ಸೊನೋಮಾದಲ್ಲಿ ಕಪ್ ರೇಸ್ ಗೆದ್ದ. ನ್ಯೂಜಿಲೆಂಡಿನ ಶೇನ್ ವಾನ್ ಗಿಸ್ಬರ್ಗನ್ 2023ರಲ್ಲಿ ಷಿಕಾಗೋ ಬೀದಿ ರೇಸಿಗೆ ಮೊದಲ ಸಲ ಬಂದು ಮೊದಲ ಸಲವೇ ಗೆದ್ದ. ಅಷ್ಟಾದ ಮೇಲೂ ಅವನು 2024ರಲ್ಲಿ ಒಂದು ಮೆಟ್ಟಿಲು ಕೆಳಗೆ, ಎಕ್ಸ್‌ಫಿನಿಟಿಯಲ್ಲಿ ಪೂರ್ತಿ ಸೀಸನ್ ಓಡಿದ. ಓವಲ್ ಕಲಿಯಲು.

ಈ ಶನಿವಾರ ಏನು ಮಾಡಬೇಕು

ಹತ್ತಿರದ ಸಣ್ಣ ಟ್ರ್ಯಾಕಿಗೆ ಮಗುವನ್ನು ಕರೆದುಕೊಂಡು ಹೋಗಿ. ಕಿವಿ ಮುಚ್ಚುವ ಹೆಡ್‌ಸೆಟ್ ಮರೆಯಬೇಡಿ. ಪಿಟ್ ಪಾಸ್ ಕೊಳ್ಳಿ, ಮಕ್ಕಳ ವಯಸ್ಸಿನ ನಿಯಮ ಏನಿದೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮಧ್ಯಾಹ್ನವೇ ತಲುಪಿ, ಪ್ರಾಕ್ಟೀಸ್ ಹೊತ್ತಿಗೆ. ಜನ ಕಡಿಮೆ ಇರುವ, ಅಪ್ಪನೋ ಚಿಕ್ಕಪ್ಪನೋ ಒಬ್ಬರೇ ಕಾರಿನ ಕೆಳಗೆ ಮಲಗಿರುವ ಟೀಮು ಹುಡುಕಿ. ಕೆಲಸ ನಿಂತ ಹೊತ್ತು ನೋಡಿ, ಟೈರು ಉರುಳಿಸಲು ಕೈ ಬೇಕಾ ಅಂತ ಕೇಳಿ. ಬೇಕು ಅನ್ನುವವರೇ ಜಾಸ್ತಿ. ಕೇಳುವುದು ನೀವಲ್ಲ, ಮಗು ಕೇಳಲಿ.